ಒರಟು ಮೇಜಿನ ತಫೀದಾ

ದಮಿಯತ್ತ್ ಊರಿನ ಗರಗಸಗಳಿಗೆ ಇನ್ನೂ ಬೆಳಗಾಗಿಲ್ಲ. ಸರಕಾರಿ ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ತಫೀದಾ ಆಗಲೇ ಅಕ್ಕಿ, ಬೇಳೆ, ಮರಳಿನ ಬಟ್ಟಲುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದಾರೆ. ಪಕ್ಕದಲ್ಲಿ ಲವಂಗದೆಣ್ಣೆಯ ಶೀಶೆ.

"ಕಣ್ಣು ಮುಚ್ಚಿ, ಮೇಸ್ತ್ರಿ. ಮೂಗು ಈ ಕಡೆ ಕೊಡಿ."

"ಹಲ್ಲುನೋವಿನ ಎಣ್ಣೇನ ಮೂಗಿಗೆ ಹಚ್ತೀಯಲ್ಲಮ್ಮ," ಬಡಗಿ ಬದೀರ್ ಮೇಸ್ತ್ರಿ ಗೊಣಗುತ್ತಾರೆ. "ಮನೆಯವಳು ಹತ್ತಿರ ಸೇರಿಸ್ತಿಲ್ಲ."

ಕುರ್ಚಿ, ಮಂಚ ಮಾಡಿಯೇ ಬದುಕುವ ಈ ಊರಿನಲ್ಲಿ ಗರಗಸಕ್ಕೆ ಬೆರಳು ಕೊಡುವುದು ಹೊಸದಲ್ಲ. ತುಂಡಾದ ನರವನ್ನು ಡಾಕ್ಟರರು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುತ್ತಾರೆ. ಅಲ್ಲಿಂದ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ತೆವಳಿ ತುದಿ ಮುಟ್ಟಬೇಕು. ಮುಟ್ಟಿದ ಮೇಲೂ ಅದಕ್ಕೆ ಮರಳು ಯಾವುದು, ಹತ್ತಿ ಯಾವುದು ತಿಳಿಯದು. ಅದನ್ನು ಕಲಿಸುವವರು ತಫೀದಾ. ಹತ್ತೊಂಬತ್ತು ವರ್ಷಗಳಿಂದ, ದಿನಕ್ಕೆ ಹದಿನಾಲ್ಕು ಕೈಗಳು. ಡಾಕ್ಟರರ ಹೆಸರು ಊರಿಗೆಲ್ಲ ಗೊತ್ತು, ಇವರ ಹೆಸರು ಕೋಣೆಯ ಬಾಗಿಲ ಮೇಲೂ ಇಲ್ಲ.

ಬದೀರರ ಕೆತ್ತನೆ ಮುಗಿಯಿತೇ ಇಲ್ಲವೇ ಎಂದು ನಲವತ್ತು ವರ್ಷ ಹೇಳಿದ್ದು ಅವರ ಬಲಗೈ ತೋರುಬೆರಳು. ಅದು ಬುಡದಲ್ಲೇ ಕತ್ತರಿಸಿಹೋಗಿತ್ತು; ಡಾಕ್ಟರರು ಮತ್ತೆ ಜೋಡಿಸಿದ್ದಾರೆ. "ಇದು ಸತ್ರೆ ನನ್ನ ಕೆಲಸಕ್ಕೆ ಇನ್ನೊಬ್ಬ ಬಂದು ಸರಿ ಅನ್ನಬೇಕು. ಅದಕ್ಕಿಂತ ಅಂಗಡಿ ಮುಚ್ಚೋದು ವಾಸಿ," ಎನ್ನುತ್ತಾರೆ.

ಎರಡನೇ ತಿಂಗಳಲ್ಲೇ ಅವರು ಕಣ್ಣು ಮುಚ್ಚಿ ಪೈನ್, ಬೀಚ್, ಅಕ್ರೋಟ ಎಂದು ಮೂರು ಮರದ ತುಂಡುಗಳನ್ನೂ ಸರಿಯಾಗಿ ಹೇಳಿಬಿಟ್ಟರು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ತಫೀದಾ ಮಾತ್ರ ಲೆಕ್ಕ ಹಾಕಿದರು: ನರ ಇನ್ನೂ ತುದಿ ತಲುಪಿರಲು ಸಾಧ್ಯವಿಲ್ಲ. ಮರುದಿನ ಗಮನವಿಟ್ಟು ನೋಡಿದರೆ, ತುಂಡು ಕೈಗೆ ಬಂದಾಗಲೆಲ್ಲ ಮೇಸ್ತ್ರಿಯ ಮೂಗು ಅರಳುತ್ತಿದೆ. ಬಡಗಿ ಮರವನ್ನು ವಾಸನೆಯಲ್ಲೇ ಹಿಡಿಯುತ್ತಿದ್ದರು, ಅದೂ ತಮಗೇ ಗೊತ್ತಿಲ್ಲದೆ. ಅಂದಿನಿಂದ ಮರದ ವಾಸನೆ ಮುಚ್ಚಲು ಲವಂಗದೆಣ್ಣೆ. ಅಂದು ಮೂರೂ ತಪ್ಪಿದವು. ಮೇಸ್ತ್ರಿ ಮಗುವಿನಂತೆ ಅತ್ತರು. "ನಂಗೂ ಸಂಕಟ ಆಯ್ತು," ತಫೀದಾ ಹೇಳುತ್ತಾರೆ. "ಆದ್ರೆ ಮೂಗು ಪಾಸಾಗಿ ಬೆರಳು ಫೇಲಾದ್ರೆ ಏನು ಬಂತು?"

ಈಗ ಏಳನೇ ತಿಂಗಳು. ಇವತ್ತೂ ಅಕ್ರೋಟ ತಪ್ಪುತ್ತದೆ. ಮೇಸ್ತ್ರಿ ಬೇಸರದಿಂದ ಕೈ ಕೆಳಗಿಡುತ್ತಾರೆ. ತೋರುಬೆರಳು ಮೇಜಿನ ಅಂಚಿನಡಿ ಸರಿದು, ಗಕ್ಕನೆ ನಿಲ್ಲುತ್ತದೆ. ಕಣ್ಣು ಇನ್ನೂ ಮುಚ್ಚಿಯೇ ಇದೆ.

"ಯಾವ ಅಡ್ಡಕಸಬಿ ಮಾಡಿದ ಮೇಜಮ್ಮ ಇದು? ಇಲ್ಲಿ ಸಿಬಿರು ಎದ್ದಿದೆ."

ತಫೀದಾ ಬಗ್ಗಿ ನೋಡುತ್ತಾರೆ. ಅಕ್ಕಿಕಾಳಿಗಿಂತ ಸಣ್ಣ ಸಿಬಿರು. ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ನಾಳೆ ಉಜ್ಜುಗಾಗದ ತಂದು ನಾನೇ ನುಣುಪು ಮಾಡಿಕೊಡ್ತೀನಿ," ಎನ್ನುತ್ತಾರೆ ಮೇಸ್ತ್ರಿ.

"ವಾಸಿಯಾದೋರೆಲ್ಲ ಹೀಗೇ ಅಂತಾರೆ," ತಫೀದಾ ಮುಂದಿನ ಕೈಗೆ ಬಟ್ಟಲು ಸರಿಸುತ್ತಾರೆ. "ನನ್ನದೊಂದೇ ಆಸೆ, ಮೇಸ್ತ್ರಿ. ಆ ಸಿಬಿರನ್ನ ಹಾಗೇ ಬಿಡಿ. ಇನ್ನೂ ಹದಿಮೂರು ಜನರ ಬೆರಳು ಅದನ್ನ ಹುಡುಕಬೇಕು."