ಆಯಿಯ ಸೆರಗು

ನಾನು ಸಂಜೆ ಟ್ಯೂಷನ್ ಹೇಳಲು ಹೋದಾಗ ನನ್ನ ಅವಳಿ ಹುಡುಗಿಯರನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ಆಯಿ. ಇಳಕಲ್ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದು ಅವಳ ಕಸುಬು. ಎಂಟಕ್ಕೆ ಮಕ್ಕಳು ಮಲಗಿರಬೇಕು ಎಂದು ನಾನು ದಿನಾ ಹೇಳುತ್ತಿದ್ದೆ. "ನೀ ನಿಶ್ಚಿಂತಿ ಹೋಗವಾ," ಎನ್ನುತ್ತಿದ್ದಳು ದಿನಾ.

ಒಮ್ಮೆ ಎಂಟೂವರೆಗೇ ಬಂದು ಬಾಗಿಲು ಬಡಿದೆ. ಆಯಿ ತೆರೆದಳು. ಬೆನ್ನಿಗೇ ಇಬ್ಬರೂ ಕಿಸಿಕಿಸಿ ನಗುತ್ತ ಬಂದರು. ಹಾಸಿಗೆ ಬಿಟ್ಟು ಓಡದಂತೆ ಅವರ ಜಡೆಗಳನ್ನು ಅವಳು ತನ್ನ ಸೆರಗಿನ ಕುಚ್ಚಿಗೆ ಹೆಣೆದಿದ್ದಳು!

"ಹುಡುಗ್ರು ಮಲ್ಕೊಂಡಾರೇನ್ರಿ ಆಯಿ?" ನಗು ತಡೆದು ಕೇಳಿದೆ.

"ಎಂಟಕ್ಕ ಮಲ್ಕೊಂಡಾವ. ಹಗೂರ ಮಾತಾಡು, ಎದ್ದಾವು!"

ಆಯಿ ಈಗ ಗುಡೂರಿನಲ್ಲಿ, ಮಗಳ ಮನೆಯಲ್ಲಿದ್ದಾಳೆ. ಇಲ್ಲಿ ಇವರಿಬ್ಬರೂ ಜಡೆ ಚಾಚಿಕೊಂಡು ಕಾಯುತ್ತಾರೆ. ನಾನೀಗ ಟ್ಯೂಷನ್ ಮನೆಯಲ್ಲೇ ಹೇಳುತ್ತೇನೆ; ಎಂಟಕ್ಕೆ ಸರಿಯಾಗಿ ಚೂಡಿದಾರ ಬಿಚ್ಚಿಟ್ಟು ಸೀರೆ ಉಡುತ್ತೇನೆ.