ಮೂರನೇ ಕೋಣೆಯ ದೆವ್ವಕ್ಕ

ದೆವ್ವಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಹದಿನಾಲ್ಕು ವರ್ಷ ಒಂದೇ ಕೆಲಸ ಮಾಡಿದರೆ ಕೆಲಸ ಹೆಸರನ್ನು ನುಂಗಿಬಿಡುತ್ತದೆ. ಊರಾಚೆಯ ಮನರಂಜನಾ ಪಾರ್ಕಿನಲ್ಲಿ, ಬಾನೆತ್ತರದ ತಿರುಗುಚಕ್ರದ ಹಿಂದೆ, ಭೂತಬಂಗಲೆ ಅಂತ ಒಂದಿತ್ತು. ಐದು ಕೋಣೆ, ಐದು ದೆವ್ವ. ಮೂರನೇ ಕೋಣೆಯಲ್ಲಿ ಒಂದು ಹಳೇ ಮರದ ಬೀರು. ಅದರೊಳಗೆ ಒಂದು ಸ್ಟೂಲು, ಬೆವರು ಒರೆಸಿಕೊಳ್ಳಲು ಟವಲು, ನೀರಿನ ಬಾಟಲಿ, ಸಣ್ಣ ಟಾರ್ಚು, ಪದಬಂಧದ ಪುಸ್ತಕ, ಇವೆಲ್ಲದರ ನಡುವೆ ಬಿಳಿ ನಿಲುವಂಗಿ ತೊಟ್ಟು ಕೂದಲು ಬಿಚ್ಚಿಕೊಂಡ ಐವತ್ತೊಂದು ವರ್ಷದ ದೆವ್ವಕ್ಕ.

ಉಳಿದ ನಾಲ್ಕು ದೆವ್ವಗಳು ಕಿರುಚುತ್ತಿದ್ದವು, ಸರಪಳಿ ಎಳೆಯುತ್ತಿದ್ದವು, ಕೆಂಪು ಬಣ್ಣ ಉಗುಳುತ್ತಿದ್ದವು. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿ ಬಿಸಿನೀರು ಹುಡುಕುತ್ತಿದ್ದವು. ದೆವ್ವಕ್ಕ ಒಂದು ದಿನವೂ ದನಿ ಎತ್ತಿದವಳಲ್ಲ. ಜನ ಬೀರು ದಾಟಿ ಹೋದ ಮೇಲೆ ಸದ್ದಿಲ್ಲದೆ ಬಾಗಿಲು ಸರಿಸಿ, ಕೊನೆಯವರ ಕಿವಿಯ ಹತ್ತಿರ ಬಗ್ಗಿ, ಪಕ್ಕದ ಮನೆಯವಳ ಹಾಗೆ ಮೆತ್ತಗೆ ಕೇಳುತ್ತಿದ್ದಳು:

"ಗ್ಯಾಸ್ ಆಫ್ ಮಾಡಿ ಬಂದ್ರಾ?"

ಅಷ್ಟೇ. ಗಟ್ಟಿಮುಟ್ಟಾದ ಗಂಡಸರ ಬಣ್ಣ ಇಳಿದುಹೋಗುತ್ತಿತ್ತು. ನಾಲ್ಕು ಮತ್ತು ಐದನೇ ಕೋಣೆಯ ದೆವ್ವಗಳಿಗೆ ಕೆಲಸವೇ ಇರುತ್ತಿರಲಿಲ್ಲ. ಅಲ್ಲಿಗೆ ಬಂದವರ ಗಮನವೆಲ್ಲ ಮನೆಯ ಒಲೆಯ ಮೇಲೆ. ಅವಳ ಮನೆ ಇರುವ ಕಟ್ಟಡದ ಮೇಲ್ಮಹಡಿಯಲ್ಲೇ ನನ್ನ ಮನೆಯೂ ಇರುವುದು. ಪಾರ್ಕಿಗೆ ಹೋದಾಗ ನನ್ನನ್ನೂ ಒಮ್ಮೆ ಹೀಗೇ ಕೇಳಿದ್ದಳು. ಆಫ್ ಮಾಡಿದ್ದೆ ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ತಿರುಗುಚಕ್ರದ ಟಿಕೆಟ್ಟು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಓಡಿದೆ.

ಅವಳ ಗಂಡ ಪ್ರವಾಸಿ ಬಸ್ಸಿನ ಡ್ರೈವರು. ಬೇರೆ ಬೇರೆ ಊರುಗಳಿಂದ ಜನರನ್ನು ತುಂಬಿಕೊಂಡು ಬಂದು ಅದೇ ಪಾರ್ಕಿನ ಬಾಗಿಲಲ್ಲಿ ಇಳಿಸುವುದು ಅವನ ಕೆಲಸ. "ನಾನು ನಗ್ತಾ ನಗ್ತಾ ಕರ್ಕೊಂಡು ಬರ್ತೀನಿ, ಇವಳು ಅಳಿಸಿ ಕಳಿಸ್ತಾಳೆ," ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದ. ಮನೆಯಲ್ಲಿ ಮೂರನೆಯವರು ಅತ್ತೆ. ಎಪ್ಪತ್ತಾರು ವರ್ಷ. ಪ್ರೈಮರಿ ಶಾಲೆಯಲ್ಲಿ ಮೂವತ್ತೈದು ವರ್ಷ ಲೆಕ್ಕ ಕಲಿಸಿ ರಿಟೈರಾದವರು. ಹೆದರಿಸುವುದೇನಿದ್ದರೂ ತಮ್ಮ ಇಲಾಖೆ, ಹೆದರುವುದು ಬೇರೆಯವರದು ಅಂತ ಅವರ ನಂಬಿಕೆ.

ಆ ವರ್ಷ ಗಂಡ ಹೆಂಡತಿಗೆ ದೊಡ್ಡದೊಂದು ಆಸೆ ಇತ್ತು. ಸಮುದ್ರದಾಚೆಯ ಒಂದು ದೇಶದ ಪಾರ್ಕಿನಲ್ಲಿ ನಾಲ್ಕು ಮಹಡಿಯ ಭೂತಬಂಗಲೆ ಇದೆಯಂತೆ, ಒಳಗೆ ಹೋದವರು ಹೊರಬರಲು ಒಂದು ಗಂಟೆ ಹಿಡಿಯುತ್ತದಂತೆ. "ಒಂದೇ ಒಂದು ಸಲ ನಾನೂ ಟಿಕೆಟ್ ತಗೊಂಡು ಹೆದರಬೇಕು ಕಣ್ರೀ," ಅಂತ ದೆವ್ವಕ್ಕ ವರ್ಷಗಟ್ಟಲೆ ಹೇಳುತ್ತಿದ್ದಳು. ಏಪ್ರಿಲಿಗೆ ವಿಮಾನ, ಹೋಟೆಲು ಎಲ್ಲ ಟ್ರಾವೆಲ್ಸ್‌ನವನ ಮೂಲಕ ಗೊತ್ತುಮಾಡಿದ್ದಾಯಿತು. ಪಾರ್ಕಿನ ಮ್ಯಾನೇಜರು ಬೇರೆ, "ನೋಡ್ಕೊಂಡು ಬನ್ನಿ, ಆರನೇ ಕೋಣೆ ಕಟ್ಟಿಸೋಣ, ಹೇಗಿರಬೇಕು ಅಂತ ನೀವೇ ಹೇಳಿ," ಎಂದಿದ್ದ. ಅವಳು ಬೀರುವಿನೊಳಗೆ ಕೂತು, ಪದಬಂಧ ಪಕ್ಕಕ್ಕಿಟ್ಟು, ಆ ಕೋಣೆಯ ನಕ್ಷೆ ಬರೆಯತೊಡಗಿದಳು.

ಮಾರ್ಚಿನಲ್ಲಿ ಕೊರೊನಾ ಬಂತು. ಮೊದಲು ವಿಮಾನ ನಿಂತಿತು, ಆಮೇಲೆ ಬಸ್ಸು ನಿಂತಿತು, ಮಾರನೇ ವಾರ ತಿರುಗುಚಕ್ರವೂ ನಿಂತಿತು. ಮ್ಯಾನೇಜರು ದೆವ್ವಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ಹದಿನೈದು ದಿನ ಮನೇಲಿರಿ," ಅಂದ. ಟ್ರಾವೆಲ್ಸ್‌ನವನು, "ಪ್ರವಾಸ ಎಲ್ಲಿಗೂ ಹೋಗಲ್ಲ ಅಕ್ಕ, ತಾರೀಖು ಮಾತ್ರ ಮುಂದಕ್ಕೆ," ಅಂದ. ಇಬ್ಬರ ಮಾತನ್ನೂ ಅವಳು ನಂಬಿದಳು.

ಎರಡು ಕೋಣೆಯ ಮನೆಯಲ್ಲಿ ಮೂವರು. ಡ್ರೈವರಿಗೆ ಕೂತಲ್ಲೇ ಕಾಲು ಬ್ರೇಕು ಹುಡುಕುತ್ತಿತ್ತು. ದೆವ್ವಕ್ಕನಿಗೆ ದಿನಕ್ಕೆ ಮುನ್ನೂರು ಜನರನ್ನು ಹೆದರಿಸಿದ ಅಭ್ಯಾಸ, ಈಗ ಗಂಡ ಒಬ್ಬನೇ ಸಿಕ್ಕಿದ್ದ. ಬಾಗಿಲ ಹಿಂದಿನಿಂದ, ಮಂಚದ ಕೆಳಗಿಂದ, ಸ್ನಾನದ ಮನೆಯಿಂದ ಅವಳು ಎದುರಾಗಿ ಎದುರಾಗಿ, ವಾರ ಕಳೆಯುವಷ್ಟರಲ್ಲಿ ಅವನು ಮನೆಯೊಳಗೆ ಕೆಮ್ಮಿಕೊಂಡು ಓಡಾಡತೊಡಗಿದ. ಹಾರ್ನ್ ಬದಲು. ಆ ಕಾಲದಲ್ಲಿ ಕೆಮ್ಮಿದರೆ ಏನಾಗುತ್ತದೆ? ಪಕ್ಕದ ಮನೆಯವರು ಆಸ್ಪತ್ರೆಗೆ ಫೋನ್ ಮಾಡಿದರು, ಬಿಳಿ ಸೂಟು ತೊಟ್ಟ ಇಬ್ಬರು ಬಂದು, ಮೂವರ ಮೂಗಿಗೂ ಕಡ್ಡಿ ಹಾಕಿ ಹೋದರು. ಏನೂ ಇರಲಿಲ್ಲ. ಆವತ್ತಿನಿಂದ ಗಂಡನನ್ನು ಹೆದರಿಸುವುದಕ್ಕೆ ಅತ್ತೆ ನಿಷೇಧ ಹೇರಿದರು.

ಉಳಿದವರು ಅತ್ತೆಯೇ. ಒಂದು ಮಧ್ಯಾಹ್ನ ದೆವ್ವಕ್ಕ ಬಿಳಿ ಚಾದರ ಹೊದ್ದು ಪರದೆಯ ಹಿಂದಿನಿಂದ ಮೆಲ್ಲಗೆ ಬಂದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು, "ಈ ಚಾದರ ಒಗೆಯೋದಕ್ಕೆ ಹಾಕಿದ್ದೆ, ಕೊಡಿಲ್ಲಿ," ಅಂದರು. ದೆವ್ವಕ್ಕನಿಗೆ ಮೈಯೆಲ್ಲ ಉರಿಯಿತು. ಮಾರನೇ ದಿನ ಅತ್ತೆ ಪೇಪರು ಓದುತ್ತಿದ್ದಾಗ ಹಿಂದಿನಿಂದ ಬಗ್ಗಿ, ತನ್ನ ಬ್ರಹ್ಮಾಸ್ತ್ರ ಬಿಟ್ಟಳು.

"ಅತ್ತೆ, ಗ್ಯಾಸ್ ಆಫ್ ಮಾಡಿದ್ರಾ?"

ಅತ್ತೆ ಪುಟ ತಿರುವಿದರು. "ಮಾಡಿದೆ. ನಿನ್ನೆ ನೀನು ಮರೆತಿದ್ದೆ, ಆಗಲೂ ನಾನೇ ಮಾಡಿದೆ. ಮೊನ್ನೆನೂ."

ಆಮೇಲೆ ಒಂದು ತಿಂಗಳು ದೆವ್ವಕ್ಕ ಹತ್ತು ನಿಮಿಷಕ್ಕೊಮ್ಮೆ ಎದ್ದು ಅಡುಗೆಮನೆಗೆ ಹೋಗಿಬರುತ್ತಿದ್ದಳು. ನಿಜಕ್ಕೂ ಮರೆತಿದ್ದೆನಾ ಅಂತ ಅತ್ತೆಯನ್ನು ಕೇಳಿದರೆ, ಅವರು ನಕ್ಕು ಪೇಪರಿನ ಪುಟ ತಿರುವುತ್ತಿದ್ದರು.

ಹದಿನೈದು ದಿನ ಅಂದದ್ದು ಮೂರು ತಿಂಗಳಾಯಿತು. ಪಾರ್ಕಿನಿಂದ ಕಾಗದ ಬಂತು. 'ನಿಮ್ಮ ಸೇವೆಯನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ' ಅಂತ ಒಂದು ಸಾಲು, ಕೆಳಗೆ ಸಹಿ. ದೆವ್ವಕ್ಕ ಅದನ್ನು ಎರಡು ಸಲ ಓದಿ, ನಿಲುವಂಗಿಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಬೆಳಗ್ಗೆ ಎದ್ದು ಬೀದಿಯ ಮೂಲೆಯ ದೊಡ್ಡ ಅಂಗಡಿಗೆ ಹೋಗಿ, "ಕ್ಯೂ ನೋಡ್ಕೊಳ್ಳೋಕೆ ಜನ ಬೇಕು ಅಂತ ಬೋರ್ಡ್ ಹಾಕಿದ್ದೀರಲ್ಲ, ನಾನು ಬಂದಿದ್ದೀನಿ," ಅಂದಳು.

ಅಂಗಡಿಯ ಮುಂದೆ ಆರಾರು ಅಡಿಗೊಂದು ಬಿಳಿ ವೃತ್ತ ಬರೆದಿದ್ದರು. ಜನ ಒಂದು ಕಾಲನ್ನು ತಮ್ಮ ವೃತ್ತದಲ್ಲೂ ಇನ್ನೊಂದನ್ನು ಮುಂದಿನವರ ವೃತ್ತದಲ್ಲೂ ಇಟ್ಟು ನಿಲ್ಲುತ್ತಿದ್ದರು. ಮೊದಲಿದ್ದ ಕಾವಲುಗಾರ ಸೀಟಿ ಊದಿ ಊದಿ ಸಾಕಾಗಿ ಬಿಟ್ಟುಹೋಗಿದ್ದ. ದೆವ್ವಕ್ಕ ಸೀಟಿ ಮುಟ್ಟಲಿಲ್ಲ. ಮುಂದೆ ನುಗ್ಗಿದವರ ಹಿಂದೆ ಹೋಗಿ ಹಳೇ ಪ್ರಶ್ನೆ ಕೇಳಿದಳು. ಅರ್ಧ ಗಂಟೆಯಲ್ಲಿ ಐದು ಜನ ಚೀಲಗಳನ್ನು ವೃತ್ತದಲ್ಲೇ ಬಿಟ್ಟು ಮನೆಗೆ ಓಡಿದರು.

ಅಂಗಡಿ ಯಜಮಾನ ಹೊರಗೆ ಬಂದು ತಲೆ ಚಚ್ಚಿಕೊಂಡ. "ಅಂತರ ಕಾಪಾಡಿ ಅಂದ್ರೆ ಗಿರಾಕಿನೇ ಓಡಿಸ್ತಿದ್ದೀರಲ್ಲಮ್ಮ!"

"ಅಂತರ ಅಂತೂ ಆಯ್ತಲ್ಲ ಸಾರ್?"

"ಅಷ್ಟೊಂದು ಬೇಡ!"

ಅವಳು ಪ್ರಶ್ನೆ ಬದಲಿಸಿದಳು. "ನಿಮ್ಮ ಹಿಂದಿನೋರು ಈಗ ಕೆಮ್ಮಿದ್ರಲ್ವಾ?" ಇಷ್ಟು ಕೇಳಿದ್ದೇ ತಡ, ಕ್ಯೂ ರಬ್ಬರಿನ ಹಾಗೆ ಹಿಗ್ಗಿ ಮೂಲೆಯ ಬೇಕರಿಯ ತನಕ ಹೋಯಿತು. ವೃತ್ತಗಳು ಸಾಲದೆ ಯಜಮಾನ ಹೊಸದಾಗಿ ಬರೆಸಿದ. ಹತ್ತು ದಿನ ಅವಳು ಮಹಾ ಖುಷಿಯಲ್ಲಿದ್ದಳು.

ಹನ್ನೊಂದನೇ ದಿನ ನೀಲಿ ಸ್ವೆಟರ್ ತೊಟ್ಟ ಹೆಂಗಸೊಬ್ಬಳು ಪಟ್ಟಿ ಓದುತ್ತಾ, ಗೊತ್ತಿಲ್ಲದೆ ಒಂದು ಹೆಜ್ಜೆ ಮುಂದೆ ಬಂದಳು. ದೆವ್ವಕ್ಕ ಹಿಂದಿನಿಂದ ಹೋಗಿ ಕೇಳಿದಳು. ಆ ಹೆಂಗಸು ತಿರುಗಿದಳು. ಮಾಸ್ಕಿನ ಮೇಲಿನ ಕಣ್ಣು ತುಂಬಿ ಹರಿಯುತ್ತಿತ್ತು.

"ಕೆಮ್ಮು ಅನ್ನಬೇಡಿ ತಾಯಿ," ಅಂದಳು. "ನಮ್ಮನೆಯವರು ಒಂಬತ್ತು ದಿನದಿಂದ ಆಸ್ಪತ್ರೇಲಿದ್ದಾರೆ. ನೋಡೋಕೂ ಬಿಡ್ತಿಲ್ಲ."

ಹದಿನಾಲ್ಕು ವರ್ಷದಲ್ಲಿ ಸಾವಿರಾರು ಜನ ದೆವ್ವಕ್ಕನ ಎದುರು ಅತ್ತಿದ್ದರು. ಎಲ್ಲರೂ ಮರುಕ್ಷಣ ನಕ್ಕಿದ್ದರು. ಇವಳು ನಗಲಿಲ್ಲ. ದೆವ್ವಕ್ಕ "ಆ ಪಟ್ಟಿ ಕೊಡಿ," ಅಂತ ಈಸಿಕೊಂಡು, ತಾನೇ ಒಳಗೆ ಹೋಗಿ ಎಲ್ಲ ಸಾಮಾನು ಆರಿಸಿ ತಂದು ವೃತ್ತದ ಅಂಚಿನಲ್ಲಿಟ್ಟಳು. ಹೆಂಗಸು ಚೀಲದೊಳಗೆ ಇಣುಕಿ, "ಕಾಫಿಪುಡಿ ಹಾಕಿದ್ರಾ? ನಾನು ಕುಡಿಯಲ್ಲ. ಅವರಿಗೆ ಬೇಕು, ಬಂದ ತಕ್ಷಣ ಕೇಳ್ತಾರೆ," ಅಂದಳು.

"ಹಾಕಿದ್ದೀನಿ ಅಮ್ಮ. ಎರಡು ಪ್ಯಾಕೆಟ್ ಹಾಕಿದ್ದೀನಿ."

ಮನೆಗೆ ಬಂದು ದೆವ್ವಕ್ಕ ಇದನ್ನು ಗಂಡನಿಗೆ ಹೇಳಿದಳು. ಅವನೂ ಅಷ್ಟೊತ್ತಿಗೆ ಹೊಸ ಕೆಲಸ ಹಿಡಿದಿದ್ದ. ಆಸ್ಪತ್ರೆಯ ನರ್ಸುಗಳನ್ನು ಮನೆಯಿಂದ ಕರೆತಂದು ಬಿಡುವ ಬಸ್ಸು ಓಡಿಸುತ್ತಿದ್ದ. "ನಮ್ಮ ಬಸ್ಸಲ್ಲಿ ದಿನಾ ಇದೇ ಮಾತು ಕಣೆ," ಅಂದ. ಆಮೇಲೆ, "ಅದಕ್ಕೇ ನಾನು ಮೈಕ್ ಹಾಕಿಸಿದೆ," ಅಂತ ಸೇರಿಸಿದ.

ಮೈಕಿನಲ್ಲಿ ಅವನು ಮಾಡುತ್ತಿದ್ದುದು ಪ್ರವಾಸದ ವಿವರಣೆ. ಖಾಲಿ ಊರಿನಲ್ಲಿ ತೋರಿಸಲು ಏನಿದೆ? "ಎಡಗಡೆ ನೋಡಿ, ನಾಲ್ಕು ತಿಂಗಳಿಂದ ಬಾಗಿಲು ಹಾಕಿರೋ ವಿಶ್ವವಿಖ್ಯಾತ ಸಲೂನು. ಬಲಗಡೆ ನೋಡಿ, ಅದರ ಪರಿಣಾಮವಾಗಿ ಜಡೆ ಹಾಕಿಕೊಂಡಿರೋ ಪೊಲೀಸಣ್ಣ." ಹನ್ನೆರಡು ಗಂಟೆ ದುಡಿದು ಮುಖದ ಮೇಲೆಲ್ಲ ಮಾಸ್ಕಿನ ಗುರುತು ಬಿದ್ದ ನರ್ಸುಗಳು ಸೀಟಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದರಂತೆ. ತಮ್ಮ ಸ್ಟಾಪು ಬಂದರೂ ಇಳಿಯದೆ ಇನ್ನೊಂದು ಸುತ್ತು ಬರುತ್ತಿದ್ದವರೂ ಇದ್ದರಂತೆ.

ಮರುದಿನದಿಂದ ದೆವ್ವಕ್ಕ ಕ್ಯೂನಲ್ಲಿ ಪಿಸುಗುಟ್ಟುವುದನ್ನು ಬಿಟ್ಟಳು. ಪದಬಂಧದ ಪುಸ್ತಕ ಹಿಡಿದು ಸಾಲಿನ ನಡುವೆ ನಿಂತು ಗಟ್ಟಿಯಾಗಿ ಓದತೊಡಗಿದಳು. "ನಾಲ್ಕಕ್ಷರ. ಇಡೀ ದಿನ ಇದ್ದಲ್ಲೇ ಇದ್ದು ಸದ್ದು ಮಾಡುತ್ತದೆ."

"ನನ್ನ ಗಂಡ!" ಅಂತ ಹಿಂದಿನಿಂದ ಒಬ್ಬಳು ಕೂಗಿದಳು.

ದೆವ್ವಕ್ಕ ಬೆರಳು ಮಡಿಸಿ ಎಣಿಸಿದಳು. "ಅಕ್ಷರ ಸರಿಯಾಗಿದೆ. ಆದರೆ ಇವರು ಗಡಿಯಾರ ಅಂತಿದ್ದಾರೆ." ಉತ್ತರ ಹುಡುಕುವ ಭರದಲ್ಲಿ ಯಾರೂ ತಮ್ಮ ವೃತ್ತ ಬಿಟ್ಟು ಕದಲುತ್ತಿರಲಿಲ್ಲ. ಮೂರು ವಾರದ ಮೇಲೆ ನೀಲಿ ಸ್ವೆಟರಿನವಳು ಒಬ್ಬ ಬಡಕಲು ಮನುಷ್ಯನ ತೋಳು ಹಿಡಿದುಕೊಂಡು ರಸ್ತೆಯಾಚೆ ನಿಧಾನಕ್ಕೆ ನಡೆದುಹೋದಳು. ದೆವ್ವಕ್ಕ ಪುಸ್ತಕ ಎತ್ತಿ ಬೀಸಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಮ್ಯಾನೇಜರಿನ ಫೋನು ಬಂತು. ಪಾರ್ಕು ಮತ್ತೆ ತೆರೆಯುತ್ತಾರೆ, ಆದರೆ ನೂರೆಂಟು ನಿಯಮ. ದೆವ್ವಗಳು ಮಾಸ್ಕ್ ಹಾಕಬೇಕು. ಜನರಿಂದ ಆರಡಿ ದೂರ ಇರಬೇಕು. ಮುಖ್ಯವಾಗಿ, ಯಾರೂ ಕಿರುಚಬಾರದು, ಕಿರುಚಿದರೆ ಎಂಜಲು ಹಾರುತ್ತದೆ.

"ಅಂದ್ರೆ ಹೆದರಿಸಬೇಕು, ಆದ್ರೆ ಅವರು ಹೆದರಬಾರದು. ಹೌದಾ ಸಾರ್?"

"ಹಾಗೇ ಅಂದ್ಕೊಳ್ಳಿ. ನನ್ನ ಹತ್ರ ಒಂದು ಐಡಿಯಾ ಇದೆ. ನಿಮಗೆ ಬಿಳಿ ಕೋಟು ಹಾಕಿಸ್ತೀನಿ. ಜ್ವರ ನೋಡೋ ಮೆಷಿನ್ ಹಿಡ್ಕೊಂಡು ನಿಂತಿರ್ತೀರಿ. ಹಣೆಗೆ ಹಿಡಿದು, ನಂಬರ್ ನೋಡಿ, ಸುಮ್ಮನೆ ನಿಟ್ಟುಸಿರು ಬಿಡಿ. ಅಷ್ಟು ಸಾಕು, ಜೀವ ಬಾಯಿಗೆ ಬರುತ್ತೆ!"

"ಬೇಡ ಸಾರ್," ಅಂದಳು ದೆವ್ವಕ್ಕ. "ಆ ಭಯ ಅವರ ಮನೇಲೇ ಇದೆ. ಅದಕ್ಕೆ ಯಾಕೆ ಟಿಕೆಟ್ ತಗೋತಾರೆ? ನಾನು ಬೇರೆ ಯೋಚನೆ ಮಾಡ್ತೀನಿ."

ಅವಳು ಮಾಡಿದ ಯೋಚನೆಯ ಮೊದಲ ಪ್ರದರ್ಶನ ಮನೆಯಲ್ಲೇ ನಡೆಯಿತು. ಟಿಕೆಟ್ ತಗೊಂಡು ಬಂದ ಜನ ಅಂದರೆ ಅತ್ತೆ ಒಬ್ಬರೇ. ಅವರು ಅಡುಗೆಮನೆಯಿಂದ ಹೊರಗೆ ಕಾಲಿಟ್ಟದ್ದೇ, ಎದುರಿಗಿದ್ದ ದೆವ್ವ ಅವರನ್ನು ಕಂಡು ಬೆಚ್ಚಿಬಿದ್ದು, ಬೀರುವಿನ ಸಂದಿಗೆ ಸೇರಿಕೊಂಡು ಗಡಗಡ ನಡುಗುತ್ತಾ ಅಂದಿತು: "ಅಯ್ಯಯ್ಯೋ, ಅಲ್ಲೇ ನಿಲ್ರೀ! ಮಾಸ್ಕ್ ಮೂಗಿನ ಮೇಲೆ ಏರಿಸ್ರೀ! ಒಂದು ಸಲ ಸತ್ತಿದ್ದೇ ಸಾಕಾಗಿದೆ ನನಗೆ!"

ಅತ್ತೆ ಗೋಡೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಆಗ ದೆವ್ವ ನಿಜಕ್ಕೂ ಎರಡು ಹೆಜ್ಜೆ ಹಿಂದೆ ಸರಿಯಿತು.

ಪಾರ್ಕು ತೆರೆದ ಮೊದಲ ತಿಂಗಳಲ್ಲೇ ಮೂರನೇ ಕೋಣೆಗಾಗಿ ಜನ ಎರಡೆರಡು ಸಲ ಬಂದರು. ವರ್ಷವೆಲ್ಲ ಹೆದರಿ ಕೂತವರಿಗೆ, ತಮ್ಮನ್ನು ಕಂಡು ಇನ್ನೊಬ್ಬರು ಹೆದರುವುದು ಎಷ್ಟು ಹಿತವಾಗಿತ್ತೋ ಏನೋ. ಡ್ರೈವರು ಮಾತ್ರ ಪ್ರವಾಸಿ ಬಸ್ಸಿಗೆ ಮರಳಲಿಲ್ಲ. ನರ್ಸುಗಳು ಅರ್ಜಿ ಬರೆದು ಸಹಿ ಹಾಕಿ, ಅವನನ್ನೂ ಮೈಕನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಸಮುದ್ರದಾಚೆಯ ಪ್ರವಾಸದ ತಾರೀಖು ನಾಲ್ಕು ಸಲ ಮುಂದಕ್ಕೆ ಹೋಗಿ, ಕೊನೆಗೆ ಆ ನಾಲ್ಕು ಮಹಡಿಯ ಬಂಗಲೆಯೇ ಶಾಶ್ವತವಾಗಿ ಮುಚ್ಚಿತು ಅಂತ ಸುದ್ದಿ ಬಂತು. ದೆವ್ವಕ್ಕ ಅದನ್ನು ಕೇಳಿ, ಆರನೇ ಕೋಣೆಯ ನಕ್ಷೆಯನ್ನು ಮಡಿಸಿ ಪದಬಂಧದ ಪುಸ್ತಕದೊಳಗಿಟ್ಟಳು. "ಪಾಪ, ಅಲ್ಲಿ ಎಷ್ಟು ಜನ ದೆವ್ವಗಳಿದ್ದವೋ. ಎಲ್ಲಿ ಕೆಲಸ ಸಿಕ್ಕಿತೋ," ಅಂದಳು ಅಷ್ಟೇ.

ಹಳೇ ದೆವ್ವಗಳಲ್ಲಿ ಇಬ್ಬರು ವಾಪಸು ಬರಲಿಲ್ಲ. ಒಬ್ಬ ಹೊಲಿಗೆ ಅಂಗಡಿ ಹಾಕಿಕೊಂಡಿದ್ದ, ಇನ್ನೊಬ್ಬಳಿಗೆ ಮನೆಯಿಂದ ಫೋನಿನಲ್ಲಿ ಇನ್ಶೂರೆನ್ಸ್ ಮಾರುವ ಕೆಲಸ ಸಿಕ್ಕಿತ್ತು. ಹೊಸಬರನ್ನು ಆರಿಸುವ ಜವಾಬ್ದಾರಿ ದೆವ್ವಕ್ಕನ ಹೆಗಲಿಗೆ ಬಿತ್ತು. ಅವಳು ಮೇಜು ಹಾಕಿಕೊಂಡು ಕೂತಳು. ಬಂದವರೆಲ್ಲ ಕಣ್ಣು ಹೊರಳಿಸಿದರು, ಹಲ್ಲು ಕಡಿದರು. ಕೊನೆಯಲ್ಲಿ ಬಂದವಳು ವಿಮಾನದ ಗಗನಸಖಿ. ಕೆಲಸ ಹೋಗಿ ಹತ್ತಿರ ಹತ್ತಿರ ಒಂದು ವರ್ಷ. ಎಷ್ಟು ಹೇಳಿದರೂ ಮುಖದ ನಗು ಇಳಿಯಲೊಲ್ಲದು.

"ಕ್ಷಮಿಸಿ ಮೇಡಂ, ಎಂಟು ವರ್ಷದ ಅಭ್ಯಾಸ. ನನ್ನಿಂದ ಹೆದರಿಸೋಕೆ ಆಗಲ್ಲ ಅನ್ಸುತ್ತೆ," ಅಂದಳು, ನಗುತ್ತಲೇ.

ದೆವ್ವಕ್ಕ ಅವಳನ್ನೇ ದಿಟ್ಟಿಸಿ ನೋಡಿದಳು. "ವಿಮಾನ ಹೊರಡೋಕೆ ಮುಂಚೆ ಏನೋ ಹೇಳ್ತೀರಲ್ಲ, ಅದನ್ನು ಹೇಳು."

ಹುಡುಗಿ ನೇರ ನಿಂತು, ಎರಡೂ ಕೈ ಚಾಚಿ, ಸಿಹಿಯಾಗಿ ನಗುತ್ತಾ ಶುರುಮಾಡಿದಳು. "ಆತ್ಮೀಯ ಪ್ರಯಾಣಿಕರೇ, ಹೊರಗೆ ಹೋಗಲು ಎರಡು ಬಾಗಿಲುಗಳಿವೆ..."

"ಸಾಕು," ಅಂದಳು ದೆವ್ವಕ್ಕ, ಮೈ ಜುಮ್ಮೆಂದು ತೋಳು ಉಜ್ಜಿಕೊಳ್ಳುತ್ತಾ. "ಒಂದೇ ಒಂದು ಮಾತು ಸೇರಿಸಿಕೋ: ಅವುಗಳಲ್ಲಿ ಒಂದು ಇವತ್ತು ತೆಗೆಯುವುದಿಲ್ಲ. ಇನ್ನೂ ಸ್ವಲ್ಪ ನಗು. ಹಾಂ, ಹಾಗೇ. ಸೋಮವಾರದಿಂದ ಬಂದುಬಿಡಮ್ಮ."