ಕೆರೆಯ ಸುದ್ದಿಗೆ ಹೋದ ದಿನ

ಶನಿವಾರ ಬೆಳಿಗ್ಗೆ ಏಳಕ್ಕೆ ಲಗ್ಗೆರೆಯ ನಮ್ಮ ಸಮುದಾಯ ಕಾಲೇಜಿನ ಮುಂದಿನಿಂದ ಮಿನಿ ಬಸ್ಸು ಹೊರಟಿತು. ಪತ್ರಿಕೋದ್ಯಮ ಡಿಪ್ಲೊಮಾದ ಹದಿನೆಂಟು ಜನ, ಜೊತೆಗೆ ಪಾಠ ಹೇಳುವ ಮೇಷ್ಟ್ರು. ನಾನು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಆರು ವರ್ಷ ಕಾಲರ್ ಹೊಲಿದು, ಮೂವತ್ತೊಂದರಲ್ಲಿ ಈ ತರಗತಿಗೆ ಸೇರಿದವಳು. ಇದು ನನ್ನ ಮೊದಲ ವರದಿ.

ಮಹದೇವಪುರ ತಲುಪಲು ಎರಡೂವರೆ ಗಂಟೆ ಹಿಡಿಯಿತು. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಕುಂದಲಹಳ್ಳಿ ದಾಟಿ ಒಂದು ಕೆರೆಯ ಬಳಿ ಇಳಿದೆವು. ಒಂದು ಸಾಫ್ಟ್‌ವೇರ್ ಕಂಪನಿ ಅದರ ಹೂಳೆತ್ತಿಸಿ, ಸುತ್ತ ಬೇಲಿ ಹಾಕಿಸಿ, ಉದ್ಘಾಟನೆ ಇಟ್ಟುಕೊಂಡಿತ್ತು. ನಮಗೆಲ್ಲ ಖಾರಾಬಾತು, ಕೇಸರಿಬಾತು ಕೊಟ್ಟರು. ಜೊತೆಗೊಂದು ಹಾಳೆ. ಸುದ್ದಿ ಅದರಲ್ಲಿ ಆಗಲೇ ಟೈಪಾಗಿತ್ತು. ಇನ್ನೂ ಶುರುವಾಗದ ಸಮಾರಂಭದಲ್ಲಿ ಸ್ಥಳೀಯರು ಹರ್ಷ ವ್ಯಕ್ತಪಡಿಸಿಯೂ ಆಗಿತ್ತು. ಓದಿ ಮೈ ಉರಿಯಿತು.

ಆ ಸ್ಥಳೀಯರನ್ನು ಹುಡುಕಿಕೊಂಡು ಬೇಲಿಗುಂಟ ನಡೆದೆ. ಆಚೆ ತಗಡಿನ ಶೆಡ್ಡುಗಳು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಗಳು. ಮಲ್ಲಮ್ಮ ಎಂಬಾಕೆ ಖಾಲಿ ಕೊಡ ಹಿಡಿದು ನಿಂತಿದ್ದಳು. ಅವರು ನೀರು ಹಿಡಿಯುತ್ತಿದ್ದ ನಲ್ಲಿ ಬೇಲಿಯೊಳಗೆ ಸೇರಿಹೋಗಿತ್ತು. ಈಗ ಹೆದ್ದಾರಿ ದಾಟಿ ನೀರು ತರಬೇಕಂತೆ.

"ಈ ಕೆರಿ ದಂಡಿಗೆ ಕಲ್ಲು ಹೊತ್ತಾಕಿ ನಾನ ರೀ," ಎಂದಳು. "ಈಗ ನನ್ನನ್ನ ಒಳಗ ಬಿಡವಲ್ರು."

ನಾನು ಸಮಾರಂಭಕ್ಕೆ ಮರಳಿ ಕೂತ ಮೇಲೆ, ಭಾಷಣ ಮುಗಿಸಿದ ಕಂಪನಿಯ ಅಧಿಕಾರಿ ಪ್ರಶ್ನೆಗಳಿವೆಯೇ ಎಂದರು. ಎದ್ದು ನಲ್ಲಿಯ ವಿಷಯ ಕೇಳಿದೆ. ಅವರು ನಕ್ಕು, ಮೈಕನ್ನು ಪಕ್ಕದವರಿಗೆ ದಾಟಿಸಿದರು. ಮೇಷ್ಟ್ರು ಕೂರಲು ಸನ್ನೆ ಮಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಆ ಹಾಳೆಯನ್ನೇ ನಕಲು ಮಾಡುತ್ತಿದ್ದರು. ನಾನೊಬ್ಬಳೇ ಬೇರೆ ಬರೆಯುತ್ತಿರುವುದನ್ನು ಕಂಡು ಮೇಷ್ಟ್ರು ಪಕ್ಕದ ಸೀಟಿಗೆ ಬಂದರು. ಕಂಪನಿಯವರು ನಮ್ಮಲ್ಲಿ ಮೂವರನ್ನು ತರಬೇತಿಗೆ ತೆಗೆದುಕೊಳ್ಳುತ್ತಾರಂತೆ.

"ನಲ್ಲಿ ವಿಷ್ಯ ಬಿಟ್ಬಿಡಮ್ಮ. ಅದನ್ನ ಬರೆದ್ರೆ ನಿಂಗೆ ಹೆಂಗೆ ಮಾರ್ಕ್ಸ್ ಕೊಡ್ಲಿ?"

"ಕೊಡ್ಬೇಡಿ ಸಾರ್."

ಸಿಟ್ಟಿಗೆ ಅಕ್ಷರಗಳು ಸೊಟ್ಟಗಾದವು. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸಿಕ್ಕಿಬಿದ್ದಾಗ ವರದಿ ಮುಗಿಸಿದೆ. ಲಗ್ಗೆರೆಯಲ್ಲಿ ಇಳಿದು ಮೇಷ್ಟ್ರ ಕೈಗಿಟ್ಟೆ. ಅವರು ಫುಟ್‌ಪಾತಿನಲ್ಲೇ ನಿಂತು ಪೂರ್ತಿ ಓದಿದರು. ಪೆನ್ನು ತೆಗೆದು ಒಂದು ಕಾಗುಣಿತ ತಿದ್ದಿ, ನನ್ನ ಮುಖ ನೋಡದೆ ಹಿಂದಿರುಗಿಸಿದರು.

ಸೋಮವಾರ ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಕಪಟ್ಟಿ ಹಾಕಿದರು. ಹದಿನೇಳು ಜನ ಪಾಸು, ನನಗೆ ಸೊನ್ನೆ. ನನ್ನ ವರದಿಯನ್ನು ಆ ಪಟ್ಟಿಯ ಪಕ್ಕದಲ್ಲೇ ಅಂಟಿಸಿದೆ. ಸಂಜೆಯವರೆಗೂ ಯಾರೂ ಕಿತ್ತಿರಲಿಲ್ಲ.